ಹೆಸರಿಲ್ಲದ ಡಬ್ಬಿ

ಬಸ್ಸು ತಿರುವಿನಲ್ಲಿ ವಾಲಿದಾಗಲೆಲ್ಲ ಲೂಪೆ ತೊಡೆಯ ಮೇಲಿದ್ದ ಚೀಲವನ್ನು ಎರಡೂ ಕೈಗಳಿಂದ ಅದುಮಿ ಹಿಡಿಯುತ್ತಿದ್ದಳು. ಅದುಮಬಾರದೆಂದು ಮರುಕ್ಷಣವೇ ನೆನಪಾಗಿ ಕೈ ಸಡಿಲಿಸುತ್ತಿದ್ದಳು. ಚೀಲದಲ್ಲಿ ಅವಳ ಬಿಳಿ ಬೂಟು, ತಲೆಗೆ ಹಾಕುವ ಬಲೆ, ಮಧ್ಯಾಹ್ನ ತಿನ್ನಲಾಗದೆ ಉಳಿದ ಬೇಯಿಸಿದ ಬಾಳೆಕಾಯಿ, ಅವುಗಳ ಅಡಿಯಲ್ಲಿ ಟವೆಲ್ಲು ಸುತ್ತಿದ ಒಂದು ಟ್ಯೂನಾ ಡಬ್ಬಿ. ಬೆಳಿಗ್ಗೆ ಐದಕ್ಕೆ, ಕಾರ್ಖಾನೆಗೆ ಹೊರಡುವ ಮೊದಲು, ಬ್ರೆಡ್ಡು ತೆಗೆಯಲು ಕಪಾಟಿಗೆ ಕೈ ಹಾಕಿದಾಗ ಬೆರಳಿಗೆ ಅದರ ಮುಚ್ಚಳ ತಾಗಿತ್ತು. ಚಪ್ಪಟೆಯಾಗಿರಬೇಕಾದದ್ದು ಉಬ್ಬಿತ್ತು. ಒತ್ತಿದಳು, ಟಕ್ ಎಂದು ಒಳಗೆ ಹೋಗಿ ಮತ್ತೆ ಟಕ್ ಎಂದು ಹೊರಗೆ ಬಂತು. ಹನ್ನೊಂದು ವರ್ಷ ಡಬ್ಬಿಗಳ ನಡುವೆಯೇ ಬದುಕಿದ ಹೆಂಗಸಿಗೆ ಆ ಸದ್ದಿನ ಅರ್ಥವನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಪಕ್ಕದಲ್ಲಿದ್ದ ಇನ್ನೊಂದನ್ನೂ ಒತ್ತಿ ನೋಡಿದಳು. ಅದು ಗಟ್ಟಿಯಾಗಿಯೇ ಇತ್ತು. ಹೋದ ಜೀವ ಬಂದಂತಾಗಿ ಅದನ್ನು ತಟ್ಟೆಗಳ ಹಿಂದೆ ಇಟ್ಟಳು. ಅಷ್ಟರಲ್ಲಿ ಒಂಬತ್ತು ವರ್ಷದ ಮಗಳು ರುತಾ ಚಾಪೆಯ ಮೇಲಿಂದ ತಲೆಯೆತ್ತಿ, "ಅಮ್ಮಾ, ಮೀನಾ?" ಎಂದಳು. ಭಯವಾದರೆ ಲೂಪೆಗೆ ಮೊದಲು ಬರುವುದು ಸಿಟ್ಟು. "ಅದು ಭಾನುವಾರಕ್ಕೆ. ಮುಟ್ಟಿದ್ರೆ ಬೆನ್ನು ಮುರೀತೀನಿ ನೋಡು," ಎಂದು ಗದರಿ, ಬಾಗಿಲೆಳೆದುಕೊಂಡು ಬಂದಿದ್ದಳು.

"ಮೀನಿನವ್ರು ಹತ್ತಿದ್ರು, ಕಿಟಕಿ ತೆಗೀರಪ್ಪೋ!" ಎಂದು ಹಿಂದಿನಿಂದ ಯಾರೋ ಎಂದಾಗ ಬಸ್ಸಿನ ತುಂಬ ನಗು. ದಿನಾ ಕೇಳುವ ಮಾತೇ. ಕಾರ್ಖಾನೆಯ ವಾಸನೆ ಎಷ್ಟು ಸೋಪು ಹಾಕಿದರೂ ಹೋಗುವುದಿಲ್ಲ, ಪ್ರಾರ್ಥನೆಯ ಪುಸ್ತಕದ ಹಾಳೆಗೂ ಅಂಟಿಕೊಂಡಿರುತ್ತದೆ, ಬೇರೆ ದಿನವಾಗಿದ್ದರೆ ಅವಳೂ ತಿರುಗಿ, "ಮೂಗು ಮುಚ್ಕೊ, ಬಾಯಿ ಮಾತ್ರ ಮುಚ್ಚಬೇಡ, ನಾಳೆ ಇದನ್ನೇ ತಿನ್ನಬೇಕಲ್ಲ!" ಎನ್ನುತ್ತಿದ್ದಳು. ಇವತ್ತು ಅವರು ಮೂಸುತ್ತಿರುವುದು ತನ್ನನ್ನಲ್ಲ, ಟವೆಲ್ಲಿನ ಒಳಗಿರುವುದನ್ನು ಎನ್ನಿಸಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿಯವಳು ಅವಳು, ಮೊದಲಿನಿಂದಲೂ. ಈ ಡಬ್ಬಿಯನ್ನು ಅವಳು ಬೆಳಿಗ್ಗೆ ಕಾರ್ಖಾನೆಗೇ ತೆಗೆದುಕೊಂಡು ಹೋಗಿದ್ದಳು, ತೋರಿಸಬೇಕೆಂದು, ಹೇಳಿಬಿಡಬೇಕೆಂದು. ಹತ್ತು ಗಂಟೆಗೆ ಮೇಲ್ವಿಚಾರಕ ಕೆಲೆಮೆತೆಯ ಗಾಜಿನ ಕೋಣೆಯ ಮುಂದೆ ನಿಂತಳು. ಅವನು ಕಾಗದದಿಂದ ಕಣ್ಣೆತ್ತದೆ, "ಏನಮ್ಮಾ, ಮತ್ತೆ ಕಕ್ಕಸಿಗಾ?" ಎಂದ. ಒಳಗಿದ್ದ ಇಬ್ಬರು ನಕ್ಕರು. "ಅಲ್ಲ..." ಎಂದಳು. "ಹಾಗಾದ್ರೆ ಇಲ್ಯಾಕೆ ನಿಂತಿದ್ದೀಯ? ಅಲ್ಲಿ ಬುಟ್ಟಿಗಳು ನಿನ್ನ ದಾರಿ ಕಾಯ್ತಾ ಇವೆ." ಲೂಪೆ ತಾನೂ ಸ್ವಲ್ಪ ನಕ್ಕಳು. ಅದನ್ನು ನೆನೆದರೆ ಈಗಲೂ ಮುಖ ಸುಡುತ್ತದೆ: ಜೀವ ಹೋಗುವ ಮಾತು ಹೇಳಲು ಬಂದವಳು ಅವನ ಹಾಸ್ಯಕ್ಕೆ ನಕ್ಕು ವಾಪಸು ಹೋದಳು.

ಮಂಗಳವಾರವೂ ಹೀಗೇ ಆಗಿತ್ತು. ಮುಚ್ಚಳ ಬಿಗಿದ ಡಬ್ಬಿಗಳನ್ನು ತುಂಬಿದ ಕಬ್ಬಿಣದ ಬುಟ್ಟಿಗಳು ಸಾಲಾಗಿ ಬಂದು ನಿಲ್ಲುತ್ತವೆ, ಅವುಗಳನ್ನು ದೊಡ್ಡ ಉರುಳೆಯಂಥ ಹಬೆಯ ಒಲೆಗೆ ನೂಕಬೇಕು. ಅದರ ಬಿಸಿಯಲ್ಲೇ ಡಬ್ಬಿಯೊಳಗಿನ ವಿಷದ ಬೀಜ ಸಾಯುವುದು. ಒಲೆಗೆ ಹೋಗುವ ಮುಂಚೆ ಲೂಪೆ ಪ್ರತಿ ಬುಟ್ಟಿಗೂ ಒಂದು ಗುಲಾಬಿ ಪಟ್ಟಿ ಕಟ್ಟಬೇಕು. ಹಬೆಯಲ್ಲಿ ಬೆಂದರೆ ಅದು ಕಪ್ಪಾಗುತ್ತದೆ. ಕಪ್ಪು ಪಟ್ಟಿಯೆಂದರೆ ಬೆಂದದ್ದು, ಗುಲಾಬಿಯೆಂದರೆ ಬೇಯದ್ದು, ಕುರುಡನೂ ತಪ್ಪಲಾರದ ಲೆಕ್ಕ. ಆದರೆ ಬುಟ್ಟಿ ಖಾಲಿಯಾಗಿ ಹಿಂದಿರುಗಿದಾಗ ಹಳೆಯ ಕಪ್ಪು ಪಟ್ಟಿಯನ್ನು ಕಿತ್ತೆಸೆಯುವ ಕೆಲಸವೂ ಅವಳದೇ. ಆ ದಿನ ಎಂಟೂವರೆಯಿಂದ ಹೊಟ್ಟೆ ಹಿಂಡುತ್ತಿತ್ತು. ಕಕ್ಕಸಿಗೆ ಹೋಗಲು ಮರದ ಬಿಲ್ಲೆ ಬೇಕು, ಬಿಲ್ಲೆ ಕೆಲೆಮೆತೆಯ ಬಳಿ. "ಬೆಳಿಗ್ಗೆ ಒಂದ್ಸಲ ಹೋಗಿದ್ದೆಯಲ್ಲ, ನಿನ್ನ ಹೊಟ್ಟೇಲೇನು ಬಂದರಿದೆಯಾ, ಹಡಗು ಬಂದು ಹೋಗೋಕೆ?" ಎಂದು ಎಲ್ಲರೆದುರು ಕೇಳಿದ. ಮುಕ್ಕಾಲು ಗಂಟೆ ಕಾಯಿಸಿದ. ತೊಡೆಗಳನ್ನು ಬಿಗಿಹಿಡಿದು ಬುಟ್ಟಿಯಿಂದ ಬುಟ್ಟಿಗೆ ನಡೆದಳು, ಹಣೆಯಲ್ಲಿ ಬೆವರು, ಕಣ್ಣು ಗೋಡೆಯ ಗಡಿಯಾರದ ಮೇಲೆ; ಆ ಮುಕ್ಕಾಲು ಗಂಟೆಯಲ್ಲಿ ತನ್ನ ಕೈಗಳು ಏನು ಮಾಡಿದವು, ಏನು ಬಿಟ್ಟವು ಎಂಬುದು ಅವಳಿಗೆ ನೆನಪಿಲ್ಲ. ನೆನಪಿರುವುದು ಕೆಲಸ ಬಿಟ್ಟಾಗ ಏಪ್ರನ್ನಿನ ಜೇಬಿನಲ್ಲಿ ಸಿಕ್ಕ ಒಂದು ಗುಲಾಬಿ ಪಟ್ಟಿ. ಬುಟ್ಟಿಗೆ ಒಂದರಂತೆ ಎಣಿಸಿಯೇ ಕೊಡುತ್ತಾರೆ, ಉಳಿಯುವಂತಿಲ್ಲ. ಉಳಿದಿದೆ ಎಂದರೆ ಒಂದು ಬುಟ್ಟಿಯ ಮೇಲೆ ಹಿಂದಿನ ಸುತ್ತಿನ ಕಪ್ಪು ಪಟ್ಟಿ ಹಾಗೇ ಇತ್ತು, ಅದನ್ನು ನೋಡಿದ ಒಲೆಯವನು ಇದು ಬೆಂದಾಯಿತು ಎಂದು ತಣ್ಣೀರಿನ ಕಡೆಗೆ ನೂಕಿದ. ಅಥವಾ ಕೊಡುವಾಗಲೇ ಒಂದು ಹೆಚ್ಚು ಕೊಟ್ಟಿದ್ದರು. ಅಥವಾ, ಅಥವಾ. ಮನೆಗೆ ಬಂದು ಆ ಪಟ್ಟಿಯನ್ನು ಬೈಬಲ್ಲಿನ ನಡುವೆ ಇಟ್ಟು, ಹೆಚ್ಚು ಕೊಟ್ಟಿದ್ದರು ಎಂದು ದೇವರಿಗೇ ಆರು ದಿನ ಹೇಳಿದಳು. ಈಗ ಅದು ರವಿಕೆಯೊಳಗಿತ್ತು, ಬೆವರಿಗೆ ಚರ್ಮಕ್ಕೆ ಅಂಟಿಕೊಂಡು.

ಅದೇ ಮಂಗಳವಾರ ಇಳಿಸುವ ಕಡೆ ಒಂದು ಬುಟ್ಟಿ ಮಗುಚಿತ್ತು, ಬೇಯದ ಬುಟ್ಟಿ ಅದೇ ಎಂದು ಇವತ್ತು ಬೆಳಿಗ್ಗೆ ಉಬ್ಬಿದ ಮುಚ್ಚಳ ಹೇಳಿತು. ನೆಗ್ಗಿದ ಡಬ್ಬಿಗಳಿಗೆ ಹೆಸರಿನ ಕಾಗದ ಸುತ್ತುವುದಿಲ್ಲ, ಅವನ್ನು ಕೆಲಸಗಾರರಿಗೆಂದು ಬೇರೆ ಇಡುತ್ತಾರೆ. ಉಳಿದವು ಉಗ್ರಾಣದಲ್ಲಿ ಎರಡು ವಾರ ಬೆತ್ತಲೆ ನಿಂತು ಹೆಸರಿಗೆ ಕಾಯುತ್ತವೆ. ಬೆಳಿಗ್ಗೆ 'ಮೂರು ಲಂಗರು' ಆಗುವ ಮೀನೇ ಮಧ್ಯಾಹ್ನ 'ಮುತ್ತಿನ ರಾಣಿ' ಆಗುತ್ತದೆ, ಒಂದರ ಬೆಲೆ ಇನ್ನೊಂದರ ಎರಡರಷ್ಟು. ಮೀನಿಗೆ ಗೊತ್ತಿಲ್ಲದ ದೊಡ್ಡಸ್ತಿಕೆ ಕಾಗದಕ್ಕೆ. ಗುರುವಾರ ಲೂಪೆ ಕೆಲೆಮೆತೆಯ ಮುಂದೆ ಕೈಕಟ್ಟಿ ನಿಂತು, ಶನಿವಾರ ಸೇಪುಲೋನನ ತಾಯಿಯ ಮಣ್ಣು, ಬರಿಗೈಲಿ ಹೋಗುವಂತಿಲ್ಲ ಎಂದು ಕೇಳಿಕೊಂಡಳು. ಸೇಪುಲೋನ ಅವಳ ಜಾಮೀನುದಾರ, ಅವನು ವರ್ಷಕ್ಕೊಮ್ಮೆ ಕಾಗದಕ್ಕೆ ರುಜು ಹಾಕಿದರೆ ಮಾತ್ರ ಅವಳು ಈ ದ್ವೀಪದಲ್ಲಿ ಇರಬಹುದು, ಕೆಲಸ ಮಾಡಬಹುದು. ಸಮೊವಾ ಎರಡು, ಆಳುವವರೂ ಬೇರೆ ಬೇರೆ; ಅವಳ ಊರು ಸಮುದ್ರದಾಚೆಯ ಇನ್ನೊಂದು ಸಮೊವಾದಲ್ಲಿ. "ಸತ್ತ ಮುದುಕಿ ಮೂಸಿ ನೋಡ್ತಾಳಾ? ತಗೊಂಡ್ಹೋಗು," ಎಂದು ಅವನು ನೆಗ್ಗಿದ ಡಬ್ಬಿಗಳ ಒಂದು ಪೆಟ್ಟಿಗೆ ಕೊಟ್ಟ, ನಲವತ್ತೆಂಟು. ಅದರಿಂದ ಎರಡನ್ನು ಮನೆಗೆ ಇಟ್ಟುಕೊಂಡು ಪೆಟ್ಟಿಗೆಗೆ ಮತ್ತೆ ಅಂಟು ಹಚ್ಚಿದ್ದಳು. ಸತ್ತವರ ಪಾಲಿನಿಂದ ಎರಡು ಡಬ್ಬಿ. ಶನಿವಾರ ಅಂಗಳದ ತುಂಬ ಉಡುಗೊರೆ ಬಂದ ನಯವಾದ ಚಾಪೆಗಳು, ಹೆಸರಿದ್ದ ಪೆಟ್ಟಿಗೆಗಳ ಗೋಪುರ. ಊರಿನ ಮಾತುಗಾರ ಮುದುಕ ಉತು, ಕೋಲೂರಿ ನಿಂತು, ಬಂದ ಒಂದೊಂದು ಉಡುಗೊರೆಯನ್ನೂ ಕೊಟ್ಟವರ ಹೆಸರಿನೊಡನೆ ಕೂಗಿ ಹೇಳುತ್ತಿದ್ದ, ಅದೇ ಪದ್ಧತಿ. ಅವಳ ಸರದಿ ಬಂತು. "ಲೂಪೆಯ ಕಡೆಯಿಂದ ಮೀನು, ಒಂದು ಪೆಟ್ಟಿಗೆ! ಯಾವ ಮೀನು?" ಒಂದು ಡಬ್ಬಿ ಎತ್ತಿ ಬಿಸಿಲಿಗೆ ತಿರುಗಿಸಿದ. "ಹೆಸರಿಲ್ಲ! ಕೂಸಿಗಿನ್ನೂ ನಾಮಕರಣ ಆಗಿಲ್ಲ!" ಅಳುತ್ತಿದ್ದ ಹೆಂಗಸರೂ ನಕ್ಕರು. ಆಮೇಲೆ ಅವನೇ ಎಲ್ಲವನ್ನೂ ಮನೆಮನೆಗೆ ಹಂಚಿದ. ಭಾನುವಾರ ಹಂದಿಮಾಂಸ ಉಳಿದಿತ್ತು, ಯಾರೂ ಡಬ್ಬಿ ತೆಗೆದಿರಲಾರರು. ಇವತ್ತು ಸೋಮವಾರ, ಮಾಂಸ ಮುಗಿದಿರುತ್ತದೆ.

ಮೂರು ಗಂಟೆಗೆ ಕೆಲಸ ಬಿಟ್ಟವಳು ಕೂಡಲೇ ಹೊರಟಿರಲಿಲ್ಲ. ಮಾರುಕಟ್ಟೆಯ ಕಲ್ಲುಬೆಂಚಿನ ಮೇಲೆ ಕೂತು ಎರಡು ಬಸ್ಸು ಬಿಟ್ಟಳು. ಒಂದು ಉಪಾಯ ಹೊಳೆಯಿತು: ಹೇಳದೆಯೂ ಉಳಿಸಬಹುದು. ಅಂಗಡಿಗೆ ಹೋಗಿ 'ಮೂರು ಲಂಗರು' ಪೆಟ್ಟಿಗೆಯೊಂದನ್ನು ಕಡ ಹೇಳಿ ತಂದಳು, ಹೆಸರಿಲ್ಲದ್ದು ಕೊಟ್ಟು ನಾಚಿಕೆಯಾಯಿತು, ಬದಲಿ ತಗೊಳ್ಳಿ ಅಂದರೆ ಸೇಪುಲೋನನೇ ಮನೆಮನೆಯಿಂದ ಹಳೆಯವನ್ನು ತರಿಸುತ್ತಾನೆ, ಮುಗಿಯಿತು. ಸೇಪುಲೋನನ ಊರಿನಲ್ಲಿ ಬಸ್ಸಿಳಿದು, ಅಷ್ಟು ಹೊತ್ತೂ ಕಾಲ ಬಳಿ ಇಟ್ಟುಕೊಂಡಿದ್ದ ಆ ಪೆಟ್ಟಿಗೆಯನ್ನು ಹೆಗಲಿಗೇರಿಸಿ ಇಪ್ಪತ್ತು ಹೆಜ್ಜೆ ಇಟ್ಟಿರಬೇಕು, ಮಾವಿನ ಮರಕ್ಕೆ ತೂಗುಬಿಟ್ಟ ಖಾಲಿ ಸಿಲಿಂಡರನ್ನು ಯಾರೋ ಬಡಿದರು. ಪ್ರಾರ್ಥನೆಯ ಹೊತ್ತು. ರಸ್ತೆಯ ಉದ್ದಕ್ಕೂ ಲುಂಗಿಯುಟ್ಟ ಗಂಡಸರು ಅಲ್ಲಲ್ಲಿ ಕೈಕಟ್ಟಿ ನಿಂತರು. ಇನ್ನು ಆ ಸಿಲಿಂಡರನ್ನು ಮೂರನೆಯ ಸಲ ಬಡಿಯುವವರೆಗೆ ಈ ಊರಿನಲ್ಲಿ ನಾಯಿಯೂ ನಡೆಯುವಂತಿಲ್ಲ. ಹತ್ತಿರದವನು ಅವಳಿಗೆ ಕೈ ತೋರಿಸಿದ. "ಕೂತ್ಕೊಳ್ಳಕ್ಕ."

"ಅರ್ಜೆಂಟಿತ್ತಪ್ಪಾ. ಸೇಪುಲೋನನ ಮನೆಗೆ, ಅಲ್ಲೇ, ಕಾಣ್ತಾ ಇದೆ."

"ದೇವರಿಗಿಂತ ಅರ್ಜೆಂಟಾ? ಕೂತ್ಕೊ. ದಂಡ ಬೀಳುತ್ತೆ."

ಕೂತಳು. ಒಂದು ಮನೆಯಿಂದ ಹಾಡು ಎದ್ದಿತು, ಅದನ್ನು ಪಕ್ಕದ ಮನೆ ಹಿಡಿಯಿತು, ಗೋಡೆಯಿಲ್ಲದ ಮನೆಗಳಲ್ಲಿ ಎಲ್ಲರೂ ಚಕ್ಕಳಮಕ್ಕಳ ಕೂತಿರುವುದು ಇಲ್ಲಿಂದಲೇ ಕಾಣುತ್ತಿತ್ತು. ಎಲ್ಲಿಂದಲೋ ಈರುಳ್ಳಿ, ತೆಂಗಿನ ಹಾಲಿನ ವಾಸನೆ. ಹಾಡು ಮುಗಿದರೆ ಓದು, ಓದು ಮುಗಿದರೆ ಪ್ರಾರ್ಥನೆ, ಪ್ರಾರ್ಥನೆ ಮುಗಿದರೆ ಊಟ. ಜನ್ಮದಲ್ಲಿ ಮೊದಲ ಬಾರಿಗೆ ಪ್ರಾರ್ಥನೆ ಮುಗಿಯದಿರಲಿ ಎಂದು ಅವಳು ಪ್ರಾರ್ಥಿಸಿದಳು. ಕೆಲಸಕ್ಕೆ ಸೇರಿದ ವರ್ಷ ಪಾಠ ಹೇಳಿದ ಬಿಳಿ ಕೋಟಿನ ಹೆಂಗಸು ಒಂದು ಚಿತ್ರ ತೋರಿಸಿದ್ದಳು: ರೆಪ್ಪೆ ಜೋತುಬಿದ್ದ ಒಬ್ಬ ಮನುಷ್ಯ, ಎಚ್ಚರವಾಗಿದ್ದೂ ಕಣ್ಣು ತೆರೆಯಲಾರ, ನುಂಗಲಾರ, ಕೊನೆಗೆ ಉಸಿರೆಳೆಯಲಾರ. ಆ ಮುಖಕ್ಕೆ ಈಗ ಸೇಪುಲೋನನ ಕಣ್ಣು ಬಂತು, ಅವನ ಹೆಂಡತಿ ಲಾಗಿಯ ಮೂಗು ಬಂತು. ಓಡಿಬಿಡಲೇ? ಓಡಿದರೆ ಯಾಕೆ ಎಂದು ಕೇಳುತ್ತಾರೆ. ಯಾಕೆ ಎಂಬುದಕ್ಕೆ ಅವಳು ಇಟ್ಟುಕೊಂಡಿರುವ ಉತ್ತರ ನಾಚಿಕೆ, ನಾಚಿಕೆಗಾಗಿ ಯಾರೂ ಓಡುವುದಿಲ್ಲ. ಹೇಳಿಬಿಟ್ಟರೆ ನಾಳೆ ಬಸ್ಸಿನಲ್ಲಿ ಎಲ್ಲರ ಬಾಯಲ್ಲೂ ಅದೇ, ಎಂಟಕ್ಕೆ ಕೆಲೆಮೆತೆಗೆ ತಿಳಿಯುತ್ತದೆ, ಕೆಲಸ ಹೋಗುತ್ತದೆ, ತನ್ನ ತಾಯಿಯ ಮಣ್ಣಿಗೆ ವಿಷ ತಂದವಳ ಕಾಗದಕ್ಕೆ ಸೇಪುಲೋನ ರುಜು ಹಾಕುವುದಿಲ್ಲ, ರುತಾಳ ಶಾಲೆ ಹೋಗುತ್ತದೆ. ಹೀಗೆಲ್ಲ ಲೆಕ್ಕ ಹಾಕುತ್ತ ತಾನು ಕೂತೇ ಇದ್ದೇನೆ ಎಂಬುದೇ ಅವಳಿಗೆ ಅಸಹ್ಯವಾಯಿತು, ಆದರೂ ಎದ್ದೇಳಲಿಲ್ಲ. ಸಿಲಿಂಡರಿನ ಮೂರನೆಯ ಸದ್ದು ಕೇಳಿದಾಗ ಕಾಲು ಜೋಮು ಹಿಡಿದಿತ್ತು.

ಲಾಗಿ ಚಾಪೆಯ ಮೇಲೆ ತಟ್ಟೆಗಳನ್ನಿಡುತ್ತಿದ್ದಳು, ಸೇಪುಲೋನ ಕೈತೊಳೆದು ಬಂದು ಕೂತಿದ್ದ, ಮುದುಕ ಉತು ಇನ್ನೂ ಅಲ್ಲೇ ಇದ್ದ. ಮಾತುಗಾರರು ಸಾವಿನ ಮನೆಯನ್ನು ಬೇಗ ಬಿಡುವುದಿಲ್ಲ, ಅಲ್ಲಿ ಅಡಿಗೆ ಚೆನ್ನಾಗಿರುತ್ತದೆ. ಲೂಪೆ ಅಂಚಿನಲ್ಲಿ ಮಂಡಿಯೂರಿ ಪೆಟ್ಟಿಗೆಯನ್ನು ಮುಂದೆ ನೂಕಿದಳು. "ಅವತ್ತು ಹೆಸರಿಲ್ಲದ್ದು ತಂದೆ, ನಾಚಿಕೆಯಾಯ್ತು. ಇದನ್ನ ಇಟ್ಕೊಳ್ಳಿ, ಹಂಚಿದ್ದನ್ನೆಲ್ಲ ವಾಪಸ್ ತರಿಸಿ ಕೊಟ್ಬಿಡಿ."

ಸೇಪುಲೋನ ಅವಳನ್ನೇ ನೋಡಿದ. "ಉಡುಗೊರೆ ವಾಪಸ್ ಕೊಡೋದಾ? ಯಾವ ಊರಿನ ಪದ್ಧತಿನೇ ಅದು?"

"ನೋಡು, ನಿನ್ನ ತಮಾಷೆಯಿಂದ ಆಗಿದ್ದು," ಲಾಗಿ ಉತುವಿನ ಕಡೆ ತಿರುಗಿದಳು. "ಪಾಪದವಳು ಎರಡು ದಿನ ನಿದ್ದೆ ಮಾಡಿಲ್ಲ, ಮುಖ ನೋಡು ಹೇಗಾಗಿದೆ. ಲೂಪೆ, ಹೆಸರು ತಿಂತೀವಾ ಕಣೆ ನಾವು? ಬಾ, ಊಟಕ್ಕೆ ಕೂತ್ಕೊ. ನೀನು ಕೊಟ್ಟಿದ್ದೇ ತೆಗೀತಾ ಇದ್ದೆ."

ಅವಳ ಕೈಯಲ್ಲಿ ಬೆತ್ತಲೆ ಡಬ್ಬಿಯೊಂದಿತ್ತು, ಇನ್ನೊಂದು ಕೈಯಲ್ಲಿ ಓಪನರು. ಬೈದಿದ್ದರೆ ಲೂಪೆ ಇನ್ನೂ ಸುಳ್ಳು ಹೇಳುತ್ತಿದ್ದಳೇನೋ. ಆ ಕರುಣೆಯ ಎದುರು ಸಿಟ್ಟು ಬಂತು, ಯಾರ ಮೇಲೆ ಎಂದು ತಿಳಿಯದ ಸಿಟ್ಟು. "ತೆಗೀಬೇಡ!" ಎಂದು ಕಿರುಚಿದಳು. ಚಾಪೆಯ ಮೇಲೆ ಕಾಲಿಟ್ಟು, ಹಿರಿಯರ ನಡುವೆಯೇ ಹಾದು, ಡಬ್ಬಿಯನ್ನು ಕಿತ್ತುಕೊಂಡಳು. ಆಮೇಲೆ ಚೀಲದಿಂದ ಉಬ್ಬಿದ್ದನ್ನು ತೆಗೆದಳು, ರವಿಕೆಯಿಂದ ಗುಲಾಬಿ ಪಟ್ಟಿಯನ್ನು ತೆಗೆದಳು, ಎರಡನ್ನೂ ಅವರ ಮುಂದಿಟ್ಟು ಮಂಗಳವಾರದಿಂದ ಶುರುಮಾಡಿ ಎಲ್ಲವನ್ನೂ ಹೇಳಿದಳು. ಕಕ್ಕಸಿನ ಮಾತನ್ನೂ ಬಿಡಲಿಲ್ಲ. ಎರಡು ಡಬ್ಬಿ ಎತ್ತಿಟ್ಟುಕೊಂಡದ್ದನ್ನು ಮಾತ್ರ ಬಿಟ್ಟಳು. ವಿಷವನ್ನು ಒಪ್ಪಿಕೊಳ್ಳಬಹುದಿತ್ತು, ಕಳ್ಳತನವನ್ನು ಒಪ್ಪಿಕೊಳ್ಳಲಾಗಲಿಲ್ಲ. ಮನುಷ್ಯರ ಮನಸ್ಸಿನ ತಕ್ಕಡಿ ಹೀಗೇ.

ಸೇಪುಲೋನನ ಮುಖ ಕಲ್ಲಾಯಿತು. ಮಾತಾಡಿದವನು ಉತು, ಅವನ ದನಿಯಲ್ಲಿ ತಮಾಷೆ ಇರಲಿಲ್ಲ. "ಹದಿನೇಳು ಮನೆಗೆ ಹಂಚಿದ್ದೀನಿ. ಎಲ್ಲರೂ ಈಗ ತಟ್ಟೆ ಮುಂದೆ ಕೂತಿರ್ತಾರೆ."

"ಕೂಗಿ," ಎಂದಳು ಲೂಪೆ. "ಅವತ್ತು ಕೂಗಿದ್ರಲ್ಲ, ಹಾಗೇ ಕೂಗಿ."

"ನಿನ್ನ ಹೆಸರು ಹೇಳಬೇಕಾಗುತ್ತೆ ತಾಯಿ. ಇಲ್ದಿದ್ರೆ ಯಾರಿಗೂ ಯಾವ ಡಬ್ಬಿ ಅಂತ ತಿಳಿಯಲ್ಲ."

"ಹೇಳಿ."

ಮುದುಕ ರಸ್ತೆಗಿಳಿದ. ಮೂವತ್ತು ವರ್ಷ ಉಡುಗೊರೆಗಳನ್ನು ಸಾರಿದ ಗಂಟಲು, ಮೊದಲ ಕೂಗಿಗೇ ತೆಂಗಿನ ಮರದ ಬಾವಲಿಗಳು ಎದ್ದವು. "ಲೂಪೆಯ ಡಬ್ಬಿ! ಹೆಸರಿಲ್ಲದ ಬೆಳ್ಳಿ ಡಬ್ಬಿ! ಯಾರೂ ತಿನ್ನಬೇಡಿ! ಲೂಪೆಯ ಡಬ್ಬಿ ಹೊರಗೆ ತನ್ನಿ!" ಅವಳು ಅವನ ಹಿಂದೆಯೇ ನಡೆದಳು, ತಲೆ ಬಗ್ಗಿಸಿ, ಲಾಗಿ ಕೊಟ್ಟ ಖಾಲಿ ಪೆಟ್ಟಿಗೆ ಹಿಡಿದು. ಮನೆಮನೆಯಿಂದ ಜನ ಎದ್ದು ಬಂದರು. ಕೆಲವರು ಡಬ್ಬಿಯನ್ನು ಹಾವು ಹಿಡಿದಂತೆ ದೂರ ಹಿಡಿದಿದ್ದರು, ಕೆಲವರು ಅವಳ ಮುಖ ನೋಡದೆ ಪೆಟ್ಟಿಗೆಗೆ ಎಸೆದರು. ಒಬ್ಬಾಕೆ ತೆರೆದ ಡಬ್ಬಿಯನ್ನೇ ತಂದಳು, ಚಮಚ ಇನ್ನೂ ಅದರಲ್ಲೇ ಇತ್ತು, "ಬಾಯಿಗಿಟ್ಟಿಲ್ಲ, ಮಕ್ಕಳಾಣೆ ಬಾಯಿಗಿಟ್ಟಿಲ್ಲ," ಎಂದು ಮತ್ತೆ ಮತ್ತೆ ಹೇಳುತ್ತಿದ್ದಳು. ಹದಿನಾರನೆಯ ಮನೆಯ ಅಜ್ಜಿ ಮಾತ್ರ ಡಬ್ಬಿಯನ್ನು ಮಡಿಲಲ್ಲಿ ಮುಚ್ಚಿಕೊಂಡಳು. "ನಂದು ಉಬ್ಬಿಲ್ಲ ಕಣೇ. ನೋಡು, ಗಟ್ಟಿಯಾಗಿದೆ. ಒಳ್ಳೇ ಮೀನು, ಕೊಡಲ್ಲ."

"ಉಬ್ಬಿದ್ದಾದ್ರೆ ಕೂಗಿ ಹೇಳುತ್ತೆ ಅಜ್ಜಿ," ಲೂಪೆ ಮಂಡಿಯೂರಿದಳು. ಬಿಳಿ ಕೋಟಿನ ಹೆಂಗಸಿನ ಮಾತುಗಳು ಅವಳ ಬಾಯಿಂದ ತಾವಾಗಿ ಬಂದವು. "ಸುಮ್ನಿರೋದೇ ಮೋಸ ಮಾಡೋದು. ವಾಸನೆ ಇರಲ್ಲ, ರುಚಿ ಕೆಡಲ್ಲ. ಆ ಬುಟ್ಟಿಯ ಒಂದನ್ನೂ ನಂಬಬಾರದು. ಕೊಡಜ್ಜಿ." ಅಜ್ಜಿ ಕೊಟ್ಟಳು.

ಪಾದ್ರಿಯ ಮನೆ ಕೊನೆಯದು. ಅಲ್ಲಿಯ ದೀಪದ ಕೆಳಗೆ ಉತು ಡಬ್ಬಿಗಳನ್ನು ಜೋಡಿಸಿ ಎಣಿಸಿದ. ಲಾಗಿಯ ಕೈಯಿಂದ ಕಿತ್ತುಕೊಂಡದ್ದೂ ಸೇರಿ ನಲವತ್ತಾರು. ಮತ್ತೆ ಎಣಿಸಿದ, ನಲವತ್ತಾರು. "ಪೆಟ್ಟಿಗೆಗೆ ನಲವತ್ತೆಂಟಲ್ವಾ? ಇನ್ನೆರಡು ಯಾರ ಮನೇಲಿ?" ಮತ್ತೆ ಕೂಗಲು ಅವನು ರಸ್ತೆಯ ಕಡೆ ತಿರುಗಿದ.

"ಕೂಗಬೇಡಿ," ಎಂದಳು ಲೂಪೆ. ಹಂಚಿದ್ದೆಲ್ಲ ಸಿಕ್ಕಿತ್ತು, ಯಾರೂ ತಿಂದಿರಲಿಲ್ಲ, ಆರು ದಿನದಿಂದ ಎದೆಯ ಮೇಲೆ ಕೂತದ್ದು ಎದ್ದುಹೋಗಿತ್ತು, ಇನ್ನು ಕಳ್ಳತನವೇನು ದೊಡ್ಡದು. "ಎರಡು ನಾನೇ ಎತ್ತಿಟ್ಕೊಂಡಿದ್ದೆ. ಒಂದು ಆ ಉಬ್ಬಿದ್ದು, ನೀವೇ ನೋಡಿದ್ರಲ್ಲ."

"ಇನ್ನೊಂದು?"

"ಅದು ಮನೇಲಿದೆ. ಅದೇನೂ ಆಗಿಲ್ಲ, ಗಟ್ಟಿಯಾಗಿ..."

ಹದಿನಾರನೆಯ ಮನೆಯ ಅಜ್ಜಿಯೂ ಇದೇ ಮಾತು ಹೇಳಿದ್ದಳು. ಬೆಳಿಗ್ಗೆ ಅದನ್ನು ಬೆರಳಿನಿಂದ ಒತ್ತಿ, ನೆಮ್ಮದಿಪಟ್ಟು, ತಟ್ಟೆಗಳ ಹಿಂದೆ ಇಟ್ಟವಳು ಅವಳೇ. ಇಡೀ ದಿನ ಊರಿನವರ ಮುಖಗಳನ್ನು ಒಂದೊಂದಾಗಿ ನೆನೆದು ಹೆದರಿದ್ದಳು, ಒಮ್ಮೆಯೂ ಆ ಕಪಾಟಿನ ಕಡೆ ಮನಸ್ಸು ಹೋಗಿರಲಿಲ್ಲ. ಕತ್ತಲಾಗಿತ್ತು. ಕೊನೆಯ ಬಸ್ಸು ಹೋಗಿ ಗಂಟೆಯಾಗಿತ್ತು, ಮನೆ ನಾಲ್ಕು ಊರಿನ ಆಚೆ, ಉತುವಿನ ಕೂಗು ಅಲ್ಲಿಗೆ ಮುಟ್ಟುವುದಿಲ್ಲ. ಬ್ರೆಡ್ಡನ್ನು ಇವಳು ಬೆಳಿಗ್ಗೆ ತೆಗೆದಿರಲೇ ಇಲ್ಲ, ಮಗುವಿಗೆ ಏನನ್ನೂ ಇಟ್ಟು ಬಂದಿರಲಿಲ್ಲ.

ಪಾದ್ರಿಯ ಹೆಂಡತಿ ಫೋನನ್ನು ಅವಳ ಕೈಗೆ ಕೊಟ್ಟಳು. ಲೂಪೆಯ ಕೋಣೆಯ ಕೆಳಗೆ ಅಂಗಡಿ ಇಟ್ಟಿರುವ ಚೀನೀ ಹೆಂಗಸು ಲಿನ್ ಬಹಳ ಹೊತ್ತಿನ ಮೇಲೆ ಎತ್ತಿದಳು. "ರುತಾನ ಕರಿ, ಬೇಗ, ಓಡಿಹೋಗಿ ಕರಿ," ಎಂದಳು ಲೂಪೆ. ಮೆಟ್ಟಿಲು ಹತ್ತುವ ಸದ್ದು ಕೇಳಿತು, ಬಾಗಿಲು ಬಡಿಯುವ ಸದ್ದು ಕೇಳಿತು, ಆಮೇಲೆ ಏನೂ ಕೇಳಲಿಲ್ಲ. ಉತು ಪಕ್ಕದಲ್ಲಿ ಕೋಲೂರಿ ನಿಂತಿದ್ದ. ಹಿಂದಿನಿಂದ ಬಂದ ಸೇಪುಲೋನ ತನ್ನ ಪಿಕಪ್ಪಿನ ಕೀಲಿ ಕೈಯಲ್ಲಿ ಹಿಡಿದಿದ್ದ.

"ಅಮ್ಮಾ?"

"ರುತಾ. ಊಟ ಮಾಡಿದ್ಯಾ ಮಗಳೇ? ಏನು ತಿಂದೆ?"

ಆ ಕಡೆಯಿಂದ ಉಸಿರು ಮಾತ್ರ ಕೇಳುತ್ತಿತ್ತು, ಮೂಗಿನಿಂದ ಎಳೆದು ಬಿಡುವ, ಏನು ಹೇಳಿದರೆ ಉಳಿಯುತ್ತೇನೆ ಎಂದು ಲೆಕ್ಕ ಹಾಕುವ ಉಸಿರು. ಗಾಜಿನ ಕೋಣೆಯ ಮುಂದೆ ನಿಂತಾಗ ತನ್ನದೂ ಹೀಗೇ ಇತ್ತೆಂದು ಲೂಪೆಗೆ ಗೊತ್ತಿತ್ತು.

"ಬೈತೀಯಾ?" ಎಂದಳು ರುತಾ.

"ಬೈಯಲ್ಲ."

"ಬೆನ್ನು ಮುರೀತೀನಿ ಅಂದಿದ್ದೆ."

"ಮುರಿಯಲ್ಲ ಮಗಳೇ. ಹೊಡೆಯಲ್ಲ. ಹೇಳು."

"ಆಣೆ ಮಾಡು," ಎಂದಳು ರುತಾ.